ಉರಿಗೌಡ, ನಂಜೇಗೌಡ: ತೆರೆಗೆ ಬಾರದ ವೀರರು

ಮಹಾವೀರರ ಸಿನಿಮಾಗಳಿಗೆ ಒಂದು ಮೂಲಕಥೆ ಬೇಕಾಗುತ್ತದೆ. ವೀರನು ಎಲ್ಲಿ ಹುಟ್ಟಿದ, ಯಾವ ಅನ್ಯಾಯ ಕಂಡು ಸಿಡಿದೆದ್ದ, ಯಾರನ್ನು ಸಂಹರಿಸಿ ವೀರನೆನಿಸಿಕೊಂಡ ಎಂಬುದನ್ನು ಮೊದಲ ಚಿತ್ರದಲ್ಲೇ ಹೇಳಿಬಿಡುತ್ತಾರೆ. ಮುಖವಾಡ ತೊಟ್ಟ ಹಾಲಿವುಡ್ ಸೂಪರ್‌ಹೀರೋನ ಹುಟ್ಟಿಗೆ ನಾವು ಯಾರೂ ಶಾಸನದ ಆಧಾರ ಕೇಳುವುದಿಲ್ಲ. ಆದರೆ 2023ರ ಮಾರ್ಚ್‌ನಲ್ಲಿ ಮಂಡ್ಯದ ಮಣ್ಣಿನಿಂದ ಎಬ್ಬಿಸಹೊರಟ ಇಬ್ಬರು ವೀರರ ವಿಷಯ ಹಾಗಲ್ಲ. ಅವರನ್ನು ಇತಿಹಾಸವೆಂದೇ ನಮ್ಮ ಮುಂದಿಡಲಾಯಿತು.

ಟಿಪ್ಪು ಸುಲ್ತಾನರನ್ನು ಕೊಂದದ್ದು ಬ್ರಿಟಿಷರಲ್ಲ, ಉರಿಗೌಡ ಮತ್ತು ದೊಡ್ಡ ನಂಜೇಗೌಡ ಎಂಬ ಒಕ್ಕಲಿಗ ವೀರರು ಎಂಬುದು ಆ ಕಥೆ. ಮೈಸೂರಿನ ರಂಗಾಯಣದಲ್ಲಿ 2022ರ ನವೆಂಬರ್‌ನಲ್ಲಿ ಪ್ರದರ್ಶನಗೊಂಡ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕದಿಂದ ಅದು ಊರೂರಿಗೆ ಹಬ್ಬಿತು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಮಂಡ್ಯಕ್ಕೆ ಬಂದಾಗ ಸ್ವಾಗತದ ಕಮಾನೊಂದಕ್ಕೆ ಈ ಇಬ್ಬರ ಹೆಸರನ್ನೇ ಇಡಲಾಗಿತ್ತು. ಆಕ್ಷೇಪ ಬಂದ ಮೇಲೆ ಆ ಹೆಸರು ಹೋಗಿ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂತು. ಅದೇ ವಾರ, ಆಗ ಸಚಿವರೂ ನಿರ್ಮಾಪಕರೂ ಆಗಿದ್ದ ಮುನಿರತ್ನ ಅವರು ಇದೇ ಕಥೆಯನ್ನು ಸಿನಿಮಾ ಮಾಡುವುದಾಗಿ ಸಾರಿದರು. ವಿಧಾನಸಭಾ ಚುನಾವಣೆಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಇನ್ನು ದಾಖಲೆಗಳ ಮಾತಿಗೆ ಬರೋಣ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೇನೆಗೂ ಟಿಪ್ಪುವಿನ ಸೇನೆಗೂ ಕಾಳಗ ನಡೆಯಿತು. ಟಿಪ್ಪು ಹಿಂದೆ ಸರಿಯಬೇಕಾಯಿತು. ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿತ್ತು. ದ್ವಾರದ ಬಳಿ ಗಾಯಗೊಂಡು ಬಿದ್ದಿದ್ದ ಸುಲ್ತಾನರ ಸೊಂಟಪಟ್ಟಿಗೆ ಒಬ್ಬ ಸಿಪಾಯಿ ಕೈಹಾಕಿದ, ಅವರು ಕತ್ತಿ ಬೀಸಿದರು, ಅವನು ಗುಂಡು ಹಾರಿಸಿದ ಎಂದು ಬ್ರಿಟಿಷ್ ಬರಹಗಳು ಹೇಳುತ್ತವೆ. ಆ ಸಿಪಾಯಿಯ ಹೆಸರು ಅವುಗಳಲ್ಲಿಲ್ಲ. ಕತ್ತಲಾದ ಮೇಲೆ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ದೇಹವನ್ನು ಗುರುತಿಸಿದರು. ಯುದ್ಧದಲ್ಲಿದ್ದ ಬೀಟ್ಸನ್ ಮರುವರ್ಷವೇ ಇದರ ವಿವರವಾದ ಪುಸ್ತಕ ಪ್ರಕಟಿಸಿದ.

ಒಂದು ಸರಳ ಪ್ರಶ್ನೆ ನಮ್ಮನ್ನು ಕಾಡುತ್ತದೆ. ತನ್ನ ಪರಮವೈರಿಯನ್ನು ಕೊಂದುಕೊಟ್ಟವರಿಗೆ ಕಂಪನಿ ಒಂದು ಜಹಗೀರನ್ನಾದರೂ ಕೊಡುತ್ತಿರಲಿಲ್ಲವೇ? ಎರಡೇ ತಿಂಗಳಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ ಅರಮನೆಯವರು ಆ ಗೌಡರನ್ನು ಕರೆದು ಸನ್ಮಾನಿಸುತ್ತಿರಲಿಲ್ಲವೇ? ಕಥೆಯ ಬೆಂಬಲಿಗರು ದೇ. ಜವರೇಗೌಡರ ಸಂಪಾದಕತ್ವದ ‘ಸುವರ್ಣ ಮಂಡ್ಯ’ ಗ್ರಂಥವನ್ನು ತೋರಿಸಿದರು. ಟಿಪ್ಪುವನ್ನು ವಿರೋಧಿಸಿದ ಗೌಡರು ಈ ಸೀಮೆಯಲ್ಲಿ ಇದ್ದಿರಬಹುದು, ಅದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ವಿರೋಧಿಸುವುದು ಬೇರೆ, ಕೊಲ್ಲುವುದು ಬೇರೆ.

ಇದನ್ನು ಬರೆಯುವಾಗ ಟಿಪ್ಪು ದೋಷವೇ ಇಲ್ಲದ ದೊರೆ ಎಂದು ಸಾಧಿಸುವ ಹಂಬಲ ನಮಗಿಲ್ಲ. ಕೊಡಗಿನಲ್ಲಿ, ಮಂಗಳೂರಿನ ಕ್ರೈಸ್ತರ ವಿಷಯದಲ್ಲಿ ಅವರು ಕಠೋರವಾಗಿ ನಡೆದುಕೊಂಡದ್ದನ್ನು ಮುಸ್ಲಿಮರೂ ಓದಬೇಕು. ಆದರೆ ಆ ಯುದ್ಧ ಎರಡು ಧರ್ಮಗಳ ನಡುವಿನದಾಗಿರಲಿಲ್ಲ. ಹೈದರಾಬಾದಿನ ನಿಜಾಮನ ಸೇನೆ ಬ್ರಿಟಿಷರ ಪಕ್ಕದಲ್ಲಿ ನಿಂತಿತ್ತು. ಟಿಪ್ಪುವಿನ ಪಕ್ಕದಲ್ಲಿ ಪೂರ್ಣಯ್ಯ ಇದ್ದರು. ಸಿನಿಮಾಕ್ಕೆ ಇಂಥ ಗೋಜಲು ಬೇಡ. ಅದಕ್ಕೆ ಒಬ್ಬ ಖಳ, ಒಂದು ಜಾತಿ, ಎರಡು ಕತ್ತಿ ಸಾಕು.

ಇಲ್ಲಿ ಮೆಚ್ಚಬೇಕಾದದ್ದು ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರ ನಡೆ. ತಮ್ಮ ಸಮುದಾಯಕ್ಕೆ ಪುಕ್ಕಟೆ ದೊರೆಯುತ್ತಿದ್ದ ಕಿರೀಟವನ್ನು ಅವರು ತೊಡಿಸಿಕೊಳ್ಳಲಿಲ್ಲ. ಶಾಸನ, ದಾಖಲೆಗಳಿಲ್ಲದೆ ಈ ಬಗ್ಗೆ ಮಾತನಾಡಬಾರದೆಂದರು. ಮಾರ್ಚ್ 20ರಂದು ಅವರನ್ನು ಕಂಡ ಮುನಿರತ್ನ ಚಿತ್ರವನ್ನು ಕೈಬಿಟ್ಟರು.

ನಾಲ್ಕು ದಿನಗಳ ನಂತರ, ಮಾರ್ಚ್ 24ರಂದು, ರಾಜ್ಯ ಸರಕಾರ ಮುಸ್ಲಿಮರ 2ಬಿ ಮೀಸಲಾತಿಯ ಶೇ. 4ನ್ನು ರದ್ದುಪಡಿಸಿ ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ. 2ರಂತೆ ಹಂಚುವ ತೀರ್ಮಾನ ಪ್ರಕಟಿಸಿತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾದ್ದರಿಂದ ಅದು ಜಾರಿಗೆ ಬರಲಿಲ್ಲ. ತೆರೆಯ ಮೇಲೆ ಯಾರನ್ನು ಯಾರ ಎದುರು ನಿಲ್ಲಿಸಬೇಕೆಂದಿದ್ದರೋ ಅವರನ್ನೇ ಕಡತದಲ್ಲೂ ನಿಲ್ಲಿಸಲಾಗಿತ್ತು. ಮೇ ತಿಂಗಳ ಚುನಾವಣೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಾಂಗ್ರೆಸ್ಸಿನ ಪಾಲಾದವು; ಜಿಲ್ಲೆಯ ಏಳರಲ್ಲಿ ಒಂದೂ ಬಿಜೆಪಿಗೆ ಸಿಗಲಿಲ್ಲ. ಇದಕ್ಕೆ ಕಾರಣಗಳು ಹತ್ತಾರು, ಎಲ್ಲವನ್ನೂ ಉರಿಗೌಡರ ತಲೆಗೆ ಕಟ್ಟುವುದು ಬೇಡ.

ನಿಜವಾದ ವೀರರ ಕಥೆಗೆ ಈ ನೆಲದಲ್ಲಿ ಬರವಿಲ್ಲ. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ತ್ರಿವರ್ಣ ಧ್ವಜ ಹಿಡಿದು ಸಾವಿರಾರು ರೈತರು ಸೇರಿದ್ದರು. ಟಿ. ಸಿದ್ದಲಿಂಗಯ್ಯನವರು ಆ ಅಧಿವೇಶನದ ಅಧ್ಯಕ್ಷರು. ಅಲ್ಲಿ ಶಿವಪುರ ಸೌಧವಿದೆ, ಆಧಾರಕ್ಕೆ ಯಾರೂ ಪರದಾಡಬೇಕಿಲ್ಲ.

ಇನ್ನೊಂದು ಆಧಾರ ಕನ್ನಂಬಾಡಿಯಲ್ಲಿದೆ. ಕಟ್ಟೆಯ ಕೆಲಸ ನಡೆಯುವಾಗ ಅಲ್ಲಿ ಟಿಪ್ಪುವಿನ 1794ರ ಪರ್ಷಿಯನ್ ಶಾಸನ ಸಿಕ್ಕಿತು. ಕಾವೇರಿಗೆ ಅಣೆಕಟ್ಟೆ ಹಾಕುವ ಸಂಕಲ್ಪ ಅದರಲ್ಲಿದೆ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡಿದ ರೈತನಿಗೆ ಸರಕಾರಕ್ಕೆ ಸಲ್ಲುವ ಪಾಲಿನಲ್ಲಿ ಕಾಲುಭಾಗ ಬಿಟ್ಟುಕೊಡುವ ಮಾತೂ ಇದೆ. ಟಿಪ್ಪುವಿನ ಕಾಲದಲ್ಲಿ ಆ ಕಟ್ಟೆ ಏಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರೂ ವಿಶ್ವೇಶ್ವರಯ್ಯನವರೂ 1911ರಲ್ಲಿ ಆರಂಭಿಸಿದ ಕೆಲಸದಿಂದ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹರಿಯಿತು. ಟಿಪ್ಪುವಿನ ಕಲ್ಲನ್ನು ಅವರು ಒಡೆದು ಹಾಕಲಿಲ್ಲ. ಅನುವಾದದೊಂದಿಗೆ ಅಣೆಕಟ್ಟೆಯ ಬಳಿಯೇ ನಿಲ್ಲಿಸಿದರು.