ಪರಮವೀರ ಚಕ್ರವನ್ನು ರೂಪಿಸಿದ ಗೃಹಿಣಿ

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಕ್ಯಾಪ್ಟನ್ ಮೆಡೋಸ್ ಟೇಲರ್ ೧೮೪೧ರಿಂದ ೧೮೫೩ರವರೆಗೆ ಇಲ್ಲಿದ್ದರು. ಅವರ ಆತ್ಮಕಥೆಯನ್ನು ಓದದವರೂ ಅವರ ಹೆಸರನ್ನು ಬಲ್ಲರು. ಆದರೆ ಅವರ ಪತ್ನಿಯ ಹೆಸರೇನೆಂದು ಕೇಳಿದರೆ ಹಿರಿಯರೂ ಸುಮ್ಮನಾಗುತ್ತಾರೆ. ಆಕೆ ಮೇರಿ ಪಾಮರ್, ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರರ ಮಗಳು. ಸೈನಿಕರ ಚರಿತ್ರೆಯ ರೀತಿಯೇ ಇದು. ದಂಡು, ಕೋಟೆ, ಒಪ್ಪಂದಗಳೆಲ್ಲವೂ ತೇದಿಸಹಿತ ದಾಖಲಾಗುತ್ತವೆ. ಆ ದಂಡಿನೊಡನೆ ಗಂಟುಮೂಟೆ ಕಟ್ಟಿ ಊರೂರು ಅಲೆದ ಹೆಂಗಸರು ಮಾತ್ರ ಪುಟದ ಅಂಚಿಗೂ ಬರುವುದಿಲ್ಲ.

ಹಾಗೆ ಅಂಚಿಗೆ ಸರಿದ ಒಬ್ಬ ತಾಯಿಯ ಬಗೆಗೆ ಇಂದು ಬರೆಯಬೇಕೆನಿಸಿದೆ. ಆಕೆ ನಮ್ಮ ಸೀಮೆಯವರಲ್ಲ, ಹುಟ್ಟಿನಿಂದ ನಮ್ಮ ದೇಶದವರೂ ಅಲ್ಲ. ಆದರೂ ಈ ದೇಶವು ತನ್ನ ಯೋಧನಿಗೆ ಕೊಡುವ ಅತ್ಯುನ್ನತ ಗೌರವಕ್ಕೆ ರೂಪ ಕೊಟ್ಟವರು ಅವರು. ಹೆಸರು ಸಾವಿತ್ರಿಬಾಯಿ ಖಾನೋಲ್ಕರ್. (ಸಾವಿತ್ರಿಬಾಯಿ ಎಂದೊಡನೆ ನನ್ನ ವಿದ್ಯಾರ್ಥಿಗಳಿಗೆ ಫುಲೆಯವರೇ ನೆನಪಾಗುವುದು ಸಹಜ, ಸಂತೋಷವೂ ಹೌದು, ಇವರು ಬೇರೆ.)

ಹುಟ್ಟುಹೆಸರು ಈವ್ ಇವೋನ್ ಮಡೇ ದ ಮಾರೊಸ್. ಜನನ ೧೯೧೩ರ ಜುಲೈ ೨೦ರಂದು, ಸ್ವಿಟ್ಜರ್ಲೆಂಡಿನ ನ್ಯೂಶಾತೆಲ್ ಪಟ್ಟಣದಲ್ಲಿ. ತಂದೆ ಹಂಗೇರಿ ಮೂಲದವರು, ಜಿನೀವಾದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರು. ತಾಯಿ ರಷ್ಯಾ ಮೂಲದವರು. ಅಂದರೆ ಹುಟ್ಟಿದ ಮನೆಯೇ ವಲಸೆ ಬಂದವರ ಮನೆ. ತಾಯಿಯನ್ನು ಬೇಗ ಕಳೆದುಕೊಂಡ ಹುಡುಗಿಗೆ ತಂದೆಯ ಪುಸ್ತಕಗಳೇ ಜೊತೆಯಾದವು. ಭಾರತದ ಪುರಾಣಗಳ ಮೇಲಿನ ಒಲವು ಮೊಳೆತದ್ದು ಆ ಓದಿನಲ್ಲಿಯೇ.

೧೯೨೯ರಲ್ಲಿ ಫ್ರಾನ್ಸಿನ ಶಾಮೊನಿ ಎಂಬ ಹಿಮದೂರಿಗೆ ತಂದೆಯೊಡನೆ ಹೋಗಿದ್ದಾಗ ಮರಾಠಿ ತರುಣನೊಬ್ಬನ ಪರಿಚಯವಾಯಿತು. ಆತ ವಿಕ್ರಮ್ ಖಾನೋಲ್ಕರ್. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ವಿದ್ಯಾರ್ಥಿ, ರಜೆಗೆಂದು ಬಂದಿದ್ದವನು. ಆ ಕಾಲದಲ್ಲಿ ಭಾರತೀಯನೊಬ್ಬ ಅಲ್ಲಿ ಓದುವುದೆಂದರೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷರು ಭಾರತೀಯರಿಗೆಂದು ಅಲ್ಲಿ ತೆರೆದದ್ದು ವರ್ಷಕ್ಕೆ ಹತ್ತೇ ಸ್ಥಾನಗಳು. ನಮ್ಮ ಕೊಡಗಿನ ತಿಮ್ಮಯ್ಯನವರು ೧೯೨೬ರಲ್ಲಿ ಅಧಿಕಾರಿಯಾಗಿ ಹೊರಬಂದದ್ದು ಅದೇ ಶಾಲೆಯಿಂದ. ದೆಹರಾದೂನಿನ ಅಕಾಡೆಮಿ ಆರಂಭವಾದದ್ದು ೧೯೩೨ರಲ್ಲಿ.

ಅದೇ ೧೯೩೨ರಲ್ಲಿ ಈವ್ ತಂದೆಯ ವಿರೋಧವನ್ನು ಮೀರಿ ಭಾರತಕ್ಕೆ ಬಂದಿಳಿದಳು. ವಯಸ್ಸು ಹತ್ತೊಂಬತ್ತು. ಲಖನೌದಲ್ಲಿ ಹಿಂದೂ ವಿಧಿಯಂತೆ ವಿವಾಹವಾಯಿತು, ಈವ್ ಸಾವಿತ್ರಿಯಾದಳು. ಸತ್ಯವಾನನ ಕಥೆಯನ್ನು ಬಲ್ಲ ಯಾರಿಗೂ ಆ ಹೆಸರಿನ ಭಾರವನ್ನು ವಿವರಿಸಬೇಕಾಗಿಲ್ಲ, ಅದರಲ್ಲೂ ಯೋಧನನ್ನು ವರಿಸಿದವಳಿಗೆ.

ಇಲ್ಲಿಂದ ಮುಂದಿನದನ್ನು ಅನೇಕರು ಪ್ರೇಮಕಥೆಯಂತೆ ಬರೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆಮೇಲಿನ ಇಪ್ಪತ್ತು ವರ್ಷಗಳ ಸಂಸಾರ. ಗಂಡ ಸಿಖ್ ರೆಜಿಮೆಂಟಿನ ಅಧಿಕಾರಿ. ಸೈನ್ಯದವರ ಮನೆಯೆಂದರೆ ವರ್ಗಾವಣೆಯ ಮನೆ. ಗೋಡೆಗೆ ಹೊಡೆದ ಮೊಳೆ ಗಟ್ಟಿಯಾಗುವ ಮೊದಲೇ ಅದನ್ನು ಕೀಳಬೇಕು. ಬ್ರಿಟಿಷ್ ಛಾವಣಿಯಲ್ಲಿ ಭಾರತೀಯ ಅಧಿಕಾರಿಯ ಬಿಳಿಯ ಹೆಂಡತಿ, ಅದೂ ಹತ್ತಿಯ ಸೀರೆಯುಟ್ಟು ಶಾಕಾಹಾರಿಯಾದವಳು, ಎರಡೂ ಕಡೆಯವರಿಗೆ ಹೇಗೆ ಕಂಡಿದ್ದಾಳು ಎಂಬುದನ್ನು ನೀವೇ ಊಹಿಸಬಹುದು. ಆಕೆ ಮರಾಠಿ ಕಲಿತರು, ಹಿಂದಿ ಕಲಿತರು, ಸಂಸ್ಕೃತ ಕಲಿತರು. ಗಂಡನಿಗೆ ಪಾಟ್ನಾಕ್ಕೆ ವರ್ಗವಾದಾಗ ಅಲ್ಲಿಯ ವಿಶ್ವವಿದ್ಯಾಲಯ ಸೇರಿ ಸಂಸ್ಕೃತ, ವೇದಾಂತಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಇಬ್ಬರು ಹೆಣ್ಣುಮಕ್ಕಳ ಪಾಲನೆಯೂ ಇದ್ದಿತು. ಮಹಾರಾಷ್ಟ್ರದ ಸಂತರ ಬಗೆಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಆಷಾಢ ಬಂತೆಂದರೆ ಪಂಢರಪುರದ ದಾರಿ ಹಿಡಿಯುವ ನಮ್ಮ ಕಡೆಯ ಜನರಿಗೆ ಆ ಸಂತರು ಪರಕೀಯರಲ್ಲ. ನ್ಯೂಶಾತೆಲಿನಲ್ಲಿ ಹುಟ್ಟಿದ ಹೆಣ್ಣುಮಗಳಿಗೂ ಅವರು ಪರಕೀಯರಾಗಿ ಉಳಿಯಲಿಲ್ಲ.

ತನ್ನನ್ನು ವಿದೇಶೀಯಳೆಂದು ಕರೆದವರಿಗೆ ಆಕೆ, ತಾನು ಯುರೋಪಿನಲ್ಲಿ ಹುಟ್ಟಿದ್ದೇ ಒಂದು ತಪ್ಪೆಂದೂ ತನ್ನ ಆತ್ಮ ಭಾರತೀಯವೆಂದೂ ಉತ್ತರಿಸುತ್ತಿದ್ದರಂತೆ. ಬಹುತೇಕರು ಈ ಮಾತನ್ನು ಹೆಮ್ಮೆಯಿಂದ ಉದ್ಧರಿಸುತ್ತಾರೆ. ನನಗೇಕೋ ಇದನ್ನು ಓದಿದಾಗಲೆಲ್ಲ ಸ್ವಲ್ಪ ಸಂಕಟವಾಗುತ್ತದೆ. ಸೊಸೆಯಾಗಿ ಬಂದವಳು ತವರನ್ನು ತಪ್ಪೆಂದು ಹೇಳಿದ ಮೇಲೆಯೇ ನಮ್ಮವಳಾಗಬೇಕೆ? ಇಷ್ಟು ಕಲಿತು, ಇಷ್ಟು ದುಡಿದವಳನ್ನು ಜನ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದುದರಿಂದಲೇ ಅಂಥ ಉತ್ತರ ಸಿದ್ಧವಾಗಿರಬೇಕು.

ಸ್ವಾತಂತ್ರ್ಯ ಬಂದೊಡನೆ ವಿಕ್ಟೋರಿಯಾ ಕ್ರಾಸಿನ ಜಾಗಕ್ಕೆ ನಮ್ಮದೇ ಪದಕಗಳು ಬೇಕಾದವು. ಆ ಹೊಣೆ ಹೊತ್ತವರು ಸೈನ್ಯದ ಮೊದಲ ಭಾರತೀಯ ಅಡ್ಜುಟೆಂಟ್ ಜನರಲ್ ಹೀರಾಲಾಲ್ ಅಟಲ್. ಸಾವಿತ್ರಿಬಾಯಿಯವರ ಪುರಾಣಜ್ಞಾನವನ್ನೂ ಕೈಚಳಕವನ್ನೂ ಅರಿತಿದ್ದ ಅವರು ವಿನ್ಯಾಸದ ಕೆಲಸವನ್ನು ಇವರಿಗೆ ಒಪ್ಪಿಸಿದರು. ಸಾವಿತ್ರಿಬಾಯಿ ಆರಿಸಿಕೊಂಡದ್ದು ದಧೀಚಿಯ ಕಥೆಯನ್ನು. ವೃತ್ರನ ವಧೆಗಾಗಿ ತನ್ನ ಬೆನ್ನೆಲುಬನ್ನೇ ಕೊಟ್ಟ ಋಷಿ, ಆ ಎಲುಬಿನಿಂದಾದ ಇಂದ್ರನ ವಜ್ರಾಯುಧ. ತರಗತಿಯಲ್ಲಿ ಈ ಕಥೆಯನ್ನು ನನ್ನಿಂದ ಕೇಳಿದವರು ಇದನ್ನು ಓದುತ್ತಿರಬಹುದು. ಆ ಕಥೆಯಲ್ಲಿ ಕೊಲ್ಲುವವನಿಗಿಂತ ಕೊಡುವವನು ದೊಡ್ಡವನು. ಪದಕಕ್ಕೆ ಬೇಕಾದದ್ದು ಅದೇ ಎಂದು ಆಕೆ ಕಂಡುಕೊಂಡದ್ದು ಸಣ್ಣ ಮಾತಲ್ಲ.

ಪದಕ ನೋಡಲು ಬಲು ಸರಳ. ಕಂಚಿನ ಬಿಲ್ಲೆ, ಅಡ್ಡಳತೆ ಮೂರೂವರೆ ಸೆಂಟಿಮೀಟರ್ ಮಾತ್ರ. ನಡುವೆ ಅಶೋಕನ ಸಿಂಹಲಾಂಛನ, ಸುತ್ತ ನಾಲ್ಕು ವಜ್ರಾಯುಧಗಳು, ನೇರಳೆ ಬಣ್ಣದ ಪಟ್ಟಿ. ಚಿನ್ನವಿಲ್ಲ, ಹರಳಿಲ್ಲ. ೧೯೫೦ರ ಜನವರಿ ೨೬ರಂದು ಸ್ಥಾಪಿತವಾದ ಪರಮವೀರ ಚಕ್ರವು ೧೯೪೭ರ ಆಗಸ್ಟ್ ೧೫ರಿಂದಲೇ ಅನ್ವಯವಾಯಿತು. ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರಗಳ ವಿನ್ಯಾಸವೂ ಇವರದೇ ಎನ್ನುತ್ತಾರೆ.

ಮೊದಲ ಪರಮವೀರ ಚಕ್ರ ಸಂದದ್ದು ಮೇಜರ್ ಸೋಮನಾಥ ಶರ್ಮರಿಗೆ. ಕೈಗೆ ಪ್ಲಾಸ್ಟರ್ ಹಾಕಿದ್ದರೂ ಹಟ ಹಿಡಿದು ಕಾಶ್ಮೀರಕ್ಕೆ ಹೋದ ಅವರು ೧೯೪೭ರ ನವೆಂಬರ್ ೩ರಂದು ಬಡ್ಗಾಮಿನಲ್ಲಿ ಮಡಿದರು. ಅವರು ಸಾವಿತ್ರಿಬಾಯಿಯವರ ಹಿರಿಯ ಮಗಳ ಗಂಡನ ಅಣ್ಣ. ಬೀಗರ ಮನೆಯ ಮಗನ ಬಲಿದಾನಕ್ಕೆ ಸಂದ ಪದಕ ತನ್ನ ಕೈಯಿಂದಲೇ ರೂಪುಗೊಂಡದ್ದು.

ನಮ್ಮ ಕನ್ನಡನಾಡಿಗೂ ಆ ಪದಕ ಬಂದಿದೆ. ಕಾರವಾರದ ಹತ್ತಿರದ ಚೆಂಡಿಯಾದ ರಾಮ ರಾಘೋಬ ರಾಣೆ, ಬಾಂಬೆ ಸ್ಯಾಪರ್ಸ್ ಪಡೆಯ ಸೆಕೆಂಡ್ ಲೆಫ್ಟಿನೆಂಟ್, ೧೯೪೮ರ ಏಪ್ರಿಲ್ ೮ರಿಂದ ಮೂರ್ನಾಲ್ಕು ದಿನ ಗುಂಡಿನ ಮಳೆಯಲ್ಲಿ ನೌಶೇರಾ-ರಜೌರಿ ರಸ್ತೆಯ ನೆಲಬಾಂಬುಗಳನ್ನು ತೆಗೆಯುತ್ತ, ಉರುಳಿಬಿದ್ದ ಮರಗಳನ್ನು ಸರಿಸುತ್ತ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಟ್ಯಾಂಕಿನ ಅಡಿಯಲ್ಲೇ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತ ಸಾಗಿದರಂತೆ. ಜೀವಂತವಾಗಿದ್ದು ಈ ಪದಕವನ್ನು ಪಡೆದವರಲ್ಲಿ ಅವರೇ ಮೊದಲಿಗರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ಪ್ರವಾಸ ಹೋದವರು ಯುದ್ಧನೌಕೆಯೊಂದನ್ನೇ ನೋಡಿ ಮರಳದೆ ಅಲ್ಲಿಯೂ ನಿಲ್ಲಿ.

ದೇಶವಿಭಜನೆಯ ಕಾಲದಲ್ಲಿ ನಿರಾಶ್ರಿತರಿಗಾಗಿ, ಅನಂತರ ಹತರಾದ ಸೈನಿಕರ ಕುಟುಂಬಗಳಿಗಾಗಿ ಸಾವಿತ್ರಿಬಾಯಿ ದುಡಿದರು. ಮೇಜರ್ ಜನರಲ್ ಹುದ್ದೆಗೇರಿದ್ದ ವಿಕ್ರಮ್ ೧೯೫೨ರಲ್ಲಿ ತೀರಿಕೊಂಡರು. ಆಕೆಗೆ ಇನ್ನೂ ನಲವತ್ತು ತುಂಬಿರಲಿಲ್ಲ. ತವರಿಗೆ ಮರಳಬಹುದಿತ್ತು, ಮರಳಲಿಲ್ಲ. ನಮ್ಮ ಟೇಲರ್ ಸಾಹೇಬರು ಈ ನೆಲವನ್ನು ಪ್ರೀತಿಸಿದರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ನಿವೃತ್ತರಾಗಿ ೧೮೬೦ರಲ್ಲಿ ಹಡಗು ಹತ್ತಿದರು. ಅಧಿಕಾರದಿಂದ ಬಂದವರಿಗೂ ಸಂಬಂಧದಿಂದ ಬಂದವರಿಗೂ ಇರುವ ಅಂತರ ಅದು. ಸಾವಿತ್ರಿಬಾಯಿ ರಾಮಕೃಷ್ಣ ಮಠದ ಆಶ್ರಯದಲ್ಲಿ ಅಧ್ಯಾತ್ಮದ ಕಡೆಗೆ ತಿರುಗಿದರು. ೧೯೯೦ರ ನವೆಂಬರ್ ೨೬ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ ನಿಧನರಾದರು.

ಇದುವರೆಗೆ ಪರಮವೀರ ಚಕ್ರ ಪಡೆದವರು ೨೧ ಮಂದಿ. ಅವರಲ್ಲಿ ೧೪ ಮಂದಿಗೆ ಸಂದದ್ದು ಮರಣಾನಂತರ. ಅಂದರೆ ಬಹುಪಾಲು ಸಲ ಆ ಕಂಚಿನ ಬಿಲ್ಲೆ ಸೇರಿದ್ದು ಯೋಧನ ಎದೆಯನ್ನಲ್ಲ, ಅವನ ಮನೆಯವರ ಕೈಯನ್ನು.

ಯಾದಗಿರಿ, ಶಹಾಪುರ, ಸುರಪುರಗಳಿಂದ ಸೈನ್ಯ ಸೇರಿದ ನನ್ನ ಹುಡುಗರೂ, ಸೈನಿಕರ ಕೈಹಿಡಿದು ಭಾಷೆ ಬಾರದ ಊರಿನ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ ನನ್ನ ಹುಡುಗಿಯರೂ ಇದ್ದೀರಿ. ಅಲ್ಲಿ ರೊಟ್ಟಿಗೆ ಜೋಳದ ಹಿಟ್ಟು ಎಲ್ಲಿಂದ ತರಿಸಿದಿರಿ, ಪಕ್ಕದ ಮನೆಯವರೊಡನೆ ಮೊದಲು ಯಾವ ಭಾಷೆಯಲ್ಲಿ ಮಾತನಾಡಿದಿರಿ, ಗಂಡ ಗಡಿಯಲ್ಲಿದ್ದಾಗ ಮಕ್ಕಳ ಶಾಲೆಯನ್ನು ಹೇಗೆ ಬದಲಿಸಿದಿರಿ, ಬಿಡುವಾದಾಗ ಬರೆದು ಕಳುಹಿಸಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಈಗ ಅಂಕ ಕಳೆಯುವುದಿಲ್ಲ.