ಒಬ್ಬರ ಛಲ, ಇನ್ನೊಬ್ಬರ ಹಠ

ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸುವ ಹೊತ್ತಿಗೆ ಒಂದೇ ಪದ್ಯದಲ್ಲಿ ಭಾರತದ ವೀರರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಗುಣ ಹಂಚುತ್ತಾನೆ. ಸತ್ಯಕ್ಕೆ ಕರ್ಣ, ಪೌರುಷಕ್ಕೆ ಭೀಮ, ಬಲಕ್ಕೆ ಶಲ್ಯ, ಔನ್ನತ್ಯಕ್ಕೆ ಭೀಷ್ಮ, ಬಿಲ್ವಿದ್ಯೆಗೆ ದ್ರೋಣ, ಸಾಹಸಕ್ಕೆ ಅರ್ಜುನ. ಧರ್ಮದ ಧರ್ಮರಾಯ ಕೊನೆಯಲ್ಲಿ ಬರುತ್ತಾನೆ. ಸಾಲಿನ ತಲೆಯಲ್ಲಿ ನಿಂತವನು ದುರ್ಯೋಧನ. ಅವನ ಪಾಲಿಗೆ ಬಂದ ಗುಣ ಛಲ. ಇಂಥವರಿಂದಲೇ ಭಾರತ ಲೋಕಪೂಜ್ಯವಾಯಿತು ಅನ್ನುತ್ತಾನೆ ಕವಿ.

941ರ ಕಾವ್ಯ ಇದು. ಆಶ್ರಯ ಕೊಟ್ಟ ದೊರೆ ವೇಮುಲವಾಡದ ಅರಿಕೇಸರಿ. ಅವನನ್ನು ಅರ್ಜುನನ ಜೊತೆ ಒಂದಾಗಿಸಿಯೇ ಪಂಪ ಕಥೆ ಹೇಳಿದ್ದು. ಅಂದಮೇಲೆ ಅರ್ಜುನನ ಹಗೆಯನ್ನು ಮೊದಲು ನಿಲ್ಲಿಸಬೇಕೆಂಬ ಹಂಗು ಅವನಿಗಿರಲಿಲ್ಲ. ದಾಯಾದಿಗಳಿಗೆ ಅಂಗೈಯಗಲ ನೆಲ ಬಿಡಲೊಪ್ಪದೆ ಕುಲವನ್ನೇ ಮುಳುಗಿಸಿದವನ ಗುಣವೂ ಪೂಜೆಗೆ ಅರ್ಹ ಎಂದು ಅವನಿಗೆ ಅನಿಸಿರಬೇಕು. ಕೇಳುವ ಸಭೆಗೂ ಅನಿಸಿರಬೇಕು. ಯಾವ ಗುಣ ಸದ್ಗುಣ ಎಂದು ಜನ ತೀರ್ಮಾನಿಸುವುದು ಹೇಗೆ ಎಂಬ ಪ್ರಶ್ನೆಯ ಬೆನ್ನು ಹತ್ತಲು ನನಗೆ ಛಲಕ್ಕಿಂತ ಒಳ್ಳೆಯ ಪದ ಸಿಕ್ಕಿಲ್ಲ.

ಏಕೆಂದರೆ ಇದೇ ಪದ ಸಂಸ್ಕೃತದಲ್ಲಿ ಬೈಗುಳಕ್ಕೆ ಹತ್ತಿರ. ಅಲ್ಲಿ ಛಲವೆಂದರೆ ಮೋಸ, ನೆಪ, ಕಪಟ. ಹಿಂದಿಯಲ್ಲಿ ಇವತ್ತಿಗೂ ಅದೇ ಅರ್ಥ. ಗೌತಮನ ನ್ಯಾಯಸೂತ್ರ ಹೇಳುವ 16 ಪದಾರ್ಥಗಳಲ್ಲಿ ಛಲವೂ ಒಂದು. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಅವನನ್ನು ಕೆಡವುವ ತಂತ್ರ ಅದು. ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆಯಲ್ಲಿ ಒಬ್ಬ ‘ಈ ಹುಡುಗ ನವಕಂಬಳ ಉಳ್ಳವನು’ ಅನ್ನುತ್ತಾನೆ. ಹೊಸ ಕಂಬಳಿ ಎಂದು ಅವನ ಭಾವ. ಎದುರಿನವನು ‘ನವ’ ಅಂದರೆ ಒಂಬತ್ತು ಎಂದು ಹಿಡಿದು, ಒಂಬತ್ತೆಲ್ಲಿವೆ, ಒಂದೇ ಇದೆಯಲ್ಲ ಎಂದು ಎಳೆಯುತ್ತಾನೆ. ವಾದ ಗೆಲ್ಲುವ ಆಸೆಗೆ ಬಿದ್ದ ಬುದ್ಧಿ ಎಷ್ಟು ಸಣ್ಣದಾಗಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಡ.

ಆದರೆ ಹಳಗನ್ನಡದಲ್ಲಿ ಛಲವೋ ಚಲವೋ, ಎರಡು ರೂಪದಲ್ಲೂ ಕಾಣುವ ಈ ಪದ ಎದೆಯುಬ್ಬಿಸಿ ನಿಂತಿದೆ. ಹೊಯ್ಸಳ ದೊರೆಗಳ ಬಿರುದಾವಳಿಯಲ್ಲಿ ‘ಗಿರಿದುರ್ಗಮಲ್ಲ’ದ ಜೊತೆಗೇ ‘ಚಲದಂಕರಾಮ’ ಬರುತ್ತದೆ. ಛಲದಂಕಮಲ್ಲ ಎಂದರೆ ದುರ್ಯೋಧನ. ರಾಮನಿಗೂ ಕೌರವನಿಗೂ ಒಂದೇ ಗುಣದ ಬಿರುದು ಹೊಂದಿತು, ಯಾರೂ ತಕರಾರು ತೆಗೆಯಲಿಲ್ಲ. ಕೆಟ್ಟ ಅರ್ಥ ಪೂರ್ತಿ ಅಳಿಸಿಹೋಯಿತು ಅಂತಲೂ ಅಲ್ಲ. ‘ಅವಳ ಮೇಲೆ ಛಲ ಸಾಧಿಸ್ತಿದ್ದಾನೆ’ ಅಂದರೆ ಹಗೆ ತೀರಿಸಿಕೊಳ್ಳುತ್ತಿದ್ದಾನೆ ಎಂದೇ ಇವತ್ತಿಗೂ ಅರ್ಥ. ಹೊಗಳಿಕೆಯೂ ತೆಗಳಿಕೆಯೂ ಒಂದೇ ಪದದೊಳಗೆ ಸಂಸಾರ ಮಾಡಿಕೊಂಡಿವೆ.

ರನ್ನನ ‘ಗದಾಯುದ್ಧ’ದಲ್ಲಿ ಈ ಗುಣದ ಪೂರ್ತಿ ಎತ್ತರ ಕಾಣುತ್ತದೆ. ಮುದುವೊಳಲಿನ, ಅಂದರೆ ಇವತ್ತಿನ ಮುಧೋಳದ, ಬಳೆಗಾರರ ಮನೆಯ ಹುಡುಗ ರನ್ನ. ಅವನ ದೊರೆ ಸತ್ಯಾಶ್ರಯನಿಗೆ ಕಾವ್ಯದಲ್ಲಿ ಭೀಮನ ಪಾತ್ರ. ಹಾಗಿದ್ದೂ ನೆನಪಿನಲ್ಲಿ ಉಳಿಯುವವನು ದುರ್ಯೋಧನನೇ. ಸಂಜಯನ ಕೈ ಹಿಡಿದು ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಅಭಿಮನ್ಯುವಿನ ಹೆಣದ ಮುಂದೆ ನಿಂತು, ಹಗೆಯ ಮಗ ಎಂಬುದನ್ನೂ ಮರೆತು, ನಿನ್ನಂಥ ಸಾವು ನನಗೂ ಸಿಗಲಿ ಅನ್ನುತ್ತಾನೆ. ಹೆತ್ತವರು ಸಂಧಿ ಮಾಡಿಕೋ ಎಂದು ಬೇಡುತ್ತಾರೆ, ಭೀಷ್ಮನೂ ಅದನ್ನೇ ಹೇಳುತ್ತಾನೆ. ಇವನ ಉತ್ತರ: ನಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ, ಕರ್ಣನನ್ನು ನುಂಗಿದ ಈ ನೆಲ ನನಗೆ ಹಾಳು ನೆಲ, ಇದರೊಡನೆ ಇನ್ನು ಹೇಗೆ ಬಾಳಲಿ?

ಈ ಮಾತು ಓದಿದಾಗ ಕಣ್ಣು ತುಂಬುತ್ತದೆ. ಗೆಳೆಯ ಸತ್ತ ಮೇಲೆ ರಾಜ್ಯ ಬೇಡವಾದವನನ್ನು ಕೆಟ್ಟವನೆಂದು ಹೇಗೆ ತಳ್ಳುವುದು? ಕರಾವಳಿಯ ಯಕ್ಷಗಾನದ ರಂಗದಲ್ಲಿ ನಡುರಾತ್ರಿ ದಾಟಿದ ಮೇಲೆ ಕೌರವ ಸರೋವರದಿಂದ ಏಳುವಾಗ, ಚೆಂಡೆಯ ಪೆಟ್ಟಿಗೆ ನಿದ್ದೆಗಣ್ಣಿನ ಜನ ಚಾಪೆಯ ಮೇಲೆ ನೆಟ್ಟಗೆ ಕೂರುತ್ತಾರೆ. ವೇಷಧಾರಿ ಚೆನ್ನಾಗಿ ಮಾತು ಕಟ್ಟಬಲ್ಲವನಾದರೆ ಆ ಹೊತ್ತಿಗೆ ಭೀಮನ ಪಕ್ಷ ಹಿಡಿಯುವವರು ಸಿಗುವುದು ಕಷ್ಟ. ಕೌರವ ತಪ್ಪು ಮಾಡಿದ ಎಂದು ಎಲ್ಲರಿಗೂ ಗೊತ್ತು. ಆದರೂ ಬಗ್ಗಲಿಲ್ಲವಲ್ಲ ಎಂಬ ಮೆಚ್ಚುಗೆ ಆ ತಿಳಿವಳಿಕೆಯನ್ನು ದಾಟಿಹೋಗುತ್ತದೆ.

ಆದರೆ ಕಣ್ಣೊರೆಸಿಕೊಂಡು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಬಗ್ಗದಿರುವುದು ಅಷ್ಟು ದೊಡ್ಡ ಗುಣವಾದದ್ದು ಯಾರಿಗಾಗಿ? ನಮ್ಮ ಹಳ್ಳಿಗಳ ದಾರಿಬದಿಯಲ್ಲಿ, ಕೆರೆ ಏರಿಯ ಮೇಲೆ ನಿಂತ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಸತ್ತವನ ಮನೆಯವರಿಗೆ ಒಡೆಯ ಬಿಟ್ಟುಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ತುರು ಕಾಯಲು, ಊರು ಉಳಿಸಲು, ಒಡೆಯನ ಗಡಿ ಬೆಳೆಸಲು ಹಿಂದೆಗೆಯದ ಆಳುಗಳು ಬೇಕಿದ್ದ ಕಾಲ ಅದು. ಹಿಂದೆಗೆಯದಿರುವುದನ್ನು ಕಲ್ಲಿನಲ್ಲಿ ಕೆತ್ತಿಸಿ, ಬಿರುದಾಗಿ ಹಾಡಿಸಿ, ಸ್ವರ್ಗದ ಬಾಗಿಲಿಗೇ ತಂದು ನಿಲ್ಲಿಸಿದರು. ಸತ್ತವರ ಧೈರ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೆಲೆ ಕಟ್ಟಿದ ಕೈ ಮಾತ್ರ ಬೇರೆಯವರದಾಗಿತ್ತು.

ಪದದ ಬಾಳಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ತಿರುವು ಹನ್ನೆರಡನೆಯ ಶತಮಾನದ್ದು. ಶರಣನಿಗೆ ಎಂಥ ಛಲ ಬೇಕು ಎಂದು ಬಸವಣ್ಣ ಒಂದು ವಚನದಲ್ಲಿ ಹೇಳುತ್ತಾನೆ. ಪರರ ಹಣ ಒಲ್ಲೆ ಎನ್ನುವ ಛಲ, ಪರರ ಸತಿಯನ್ನು ಒಲ್ಲೆ ಎನ್ನುವ ಛಲ, ಬೇರೆ ದೈವ ಒಲ್ಲೆ ಎನ್ನುವ ಛಲ. ಲಿಂಗ ಜಂಗಮ ಒಂದೇ ಎನ್ನುವ, ಪ್ರಸಾದ ದಿಟ ಎನ್ನುವ ಛಲ. ಇದಿಲ್ಲದವರನ್ನು ಕೂಡಲಸಂಗಮದೇವ ಮೆಚ್ಚುವುದಿಲ್ಲ ಎಂಬ ಖಡಾಖಂಡಿತ ಮಾತೂ ಇದೆ. ರಣರಂಗದ ಪದವನ್ನು ಅದರ ಬಿಸಿ ಆರುವ ಮೊದಲೇ ಮನೆಯೊಳಕ್ಕೆ ತಂದದ್ದು ಅವನು. ದುರ್ಯೋಧನನ ಛಲ ಕೊಡೆನು ಎನ್ನುವುದು. ಬಸವಣ್ಣನದು ಮುಟ್ಟೆನು ಎನ್ನುವುದು. ಮೊದಲನೆಯದಕ್ಕೆ ಊರೆಲ್ಲ ಬೆಲೆ ತೆರಬೇಕು; ಎರಡನೆಯದಕ್ಕೆ ತೆರುವವನು ಛಲ ಹಿಡಿದವನೊಬ್ಬನೇ. ಮೂರನೆಯ ‘ಒಲ್ಲೆ’ಯ ವಿಷಯದಲ್ಲಿ ನನ್ನ ಕಾಲದವರಿಗೆ ಬೇರೆ ಅಭಿಪ್ರಾಯ ಇರಬಹುದು, ನನಗೂ ಇದೆ. ಆದರೆ ಅವನು ತೋರಿಸಿದ ಅಳತೆ ದೊಡ್ಡದು: ಈ ಬಿಗಿ ಯಾರ ಕೊರಳಿಗೆ?

ಆ ಅಳತೆಯನ್ನು ನಾವು ದಿನಬಳಕೆಯಲ್ಲಿ ಉಳಿಸಿಕೊಂಡಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರಿಬ್ಬರ ಅಡಿಕೆ ತೋಟದ ನಡುವೆ ಒಂದು ಬೇಲಿ ಇದೆ. ಬಾಂದುಕಲ್ಲು ಒಂದು ಮೊಳ ಆಚೆಗಿತ್ತೋ ಈಚೆಗಿತ್ತೋ ಎಂಬ ವ್ಯಾಜ್ಯ ಕೋರ್ಟಿಗೆ ಹೋಗಿ ಮಕ್ಕಳು ಬೆಳೆದು ದೊಡ್ಡವರಾದರು. ಸರ್ವೆಯವರು ಬಂದು ಅಳೆದಾಗಲೆಲ್ಲ ಇಬ್ಬರೂ ಬೇಲಿಯ ಆಚೀಚೆ ಎದೆಗೆ ಕೈ ಕಟ್ಟಿ ನಿಲ್ಲುತ್ತಾರೆ; ಮುಖ ನೋಡಿಕೊಳ್ಳುವುದಿಲ್ಲ. ವಕೀಲರಿಗೆ ಸುರಿದ ದುಡ್ಡಿನಲ್ಲಿ ಅಂಥ ಹತ್ತು ತುಂಡು ನೆಲ ಕೊಳ್ಳಬಹುದಿತ್ತು. ಹೀಗೇ ಮಾತಿಗೆ ಕೂತಾಗ ಅಣ್ಣ ಅಂದರು: ‘ದುಡ್ಡಿನ ಪ್ರಶ್ನೆ ಅಲ್ಲ ಮಾರಾಯ, ಛಲದ ಪ್ರಶ್ನೆ.’ ರನ್ನನ ಕಾವ್ಯ ಅವರು ಓದಿರಲಿಕ್ಕಿಲ್ಲ. ಮಾತು ಮಾತ್ರ ಅಲ್ಲಿಯದೇ. ತಮ್ಮನ ಮನೆಯ ಜಗುಲಿಯಲ್ಲಿ ಅದೇ ಅಣ್ಣನ ಮಾತು ಬಂದರೆ ಕೇಳಿಸುವುದು ಬೇರೆ: ‘ಅವನ ಹಠ ನಿಮಗೆ ಗೊತ್ತಿಲ್ಲ. ಅವ ಹಿಡಿದ ಮೊಲಕ್ಕೆ ಮೂರೇ ಕಾಲು.’ ತಾನು ಬಗ್ಗದಿರುವುದಕ್ಕೆ ತಮ್ಮನೂ ಇಟ್ಟುಕೊಂಡ ಹೆಸರು ಛಲವೇ.

ಬೇಲಿಯ ಯಾವ ಬದಿಗೆ ನಿಂತಿದ್ದೇವೆ ಎಂಬುದರ ಜೊತೆಗೆ, ಗೆದ್ದೆವೋ ಇಲ್ಲವೋ ಎಂಬುದೂ ಹೆಸರನ್ನು ಬದಲಾಯಿಸುತ್ತದೆ. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ರೂಮುಗಳಿವೆ. ಗೋಡೆಗೆ ನಕ್ಷೆ, ಮೂಲೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಯ ಕಟ್ಟು, ಊರಿಂದ ಬಸ್ಸಿನಲ್ಲಿ ಬಂದ ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆಯುವಾಗ 2024ರ ಜನವರಿ. ಅಷ್ಟೂ ದಿನ ಪುಸ್ತಕ ಮಡಚದೆ ಕೂತವರಲ್ಲಿ ಆಯ್ಕೆಯಾದವನು ಊರಿಗೆ ಹೋದರೆ ಹಾರ, ಫ್ಲೆಕ್ಸು, ‘ಛಲಗಾರ’ ಎಂಬ ಶೀರ್ಷಿಕೆ. ಪಕ್ಕದ ರೂಮಿನವನೂ ಅವನ ಜೊತೆಗೇ ಎದ್ದು, ಅದೇ ಗ್ರಂಥಾಲಯದಲ್ಲಿ ಕೂತು, ಅದೇ ರೊಟ್ಟಿ ತಿಂದವನು. ಅವನು ಹಬ್ಬಕ್ಕೆ ಊರಿಗೆ ಹೋದರೆ ಕಾಕಾ ಕೇಳುತ್ತಾನೆ: ‘ಇನ್ನ ಎಷ್ಟ ದಿನಾ ಅಂತ ಹಠಾ ಹಿಡೀತೀಯೋ ತಮ್ಮಾ? ಹೊಲಾ ಯಾರ್ ನೋಡಬೇಕು?’ ಕಾಕಾನ ಕಾಳಜಿ ನಿಜವಾದದ್ದು. ಆದರೆ ಹುಡುಗನ ಗುಣ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ಫಲಿತಾಂಶದ ಪಟ್ಟಿ.

ಹೆಂಗಸರ ವಿಷಯಕ್ಕೆ ಬಂದರೆ ಫಲಿತಾಂಶದವರೆಗೂ ಕಾಯುವುದಿಲ್ಲ. ‘ಹೆಣ್ಣಿಗೆ ಹಠ ಇರಬಾರದು, ಗಂಡಿಗೆ ಚಟ ಇರಬಾರದು’ ಎಂಬ ಗಾದೆ ನಮ್ಮ ಅಡುಗೆಮನೆಗಳಲ್ಲಿ ಎಷ್ಟು ಹುಡುಗಿಯರ ಬಾಯಿ ಮುಚ್ಚಿಸಿದೆಯೋ. ಗಂಡಸಿನ ಕುಡಿತ, ಜೂಜನ್ನು ಹೆಣ್ಣಿನ ಮನೋಬಲದ ಪಕ್ಕದಲ್ಲಿಟ್ಟು ತೂಗಿದ ಗಾದೆ ಇದು. ಬಗ್ಗದ ಹುಡುಗಿ ಮನೆಗೆ ಕೇಡು ಎಂದು ಅದು ಮೊದಲೇ ತೀರ್ಪು ಕೊಟ್ಟಿದೆ. ಪಂಪನ ಆ ಸಾಲಿನಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ಮುಡಿ ಬಿಚ್ಚಿಕೊಂಡು ವರ್ಷಗಟ್ಟಲೆ ಕಾದ ದ್ರೌಪದಿಯದು ಛಲವಲ್ಲದೆ ಇನ್ನೇನು? ಅರಮನೆಯನ್ನೂ ಉಟ್ಟದ್ದನ್ನೂ ಬಿಟ್ಟು ಉಡುತಡಿಯಿಂದ ಕಲ್ಯಾಣಕ್ಕೆ ನಡೆದ ಮಹಾದೇವಿಯನ್ನು ಇಂದು ಅಕ್ಕ ಎಂದು ಕೈ ಮುಗಿಯುತ್ತೇವೆ. ಅದೇ ಹುಡುಗಿ ಪಕ್ಕದ ಮನೆಯಿಂದ ಹೊರಟಿದ್ದರೆ ಏನೆನ್ನುತ್ತಿದ್ದೆವು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಇತ್ತೀಚೆಗೆ ‘ಛಲಗಾತಿ’ ಎಂಬ ಪದ ಪತ್ರಿಕೆಗಳಲ್ಲಿ ಓಡಾಡುತ್ತಿದೆ. ಒಳ್ಳೆಯದು. ಆದರೆ ಅದೂ ಪದಕ ಬಂದ ಮೇಲೆ, ರ‍್ಯಾಂಕ್ ಬಂದ ಮೇಲೆ.

ಪತ್ರಿಕೆಯ ಭಾಷೆಯಲ್ಲಿ ಈ ಹಂಚಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ ಸುದ್ದಿ ಓದದೆ ಪದದಿಂದಲೇ ಮನುಷ್ಯರನ್ನು ಗುರುತಿಸಬಹುದು. ಓದುವವರಿಗೆ, ಆಡುವವರಿಗೆ ಛಲ. ಮಕ್ಕಳಿಗೆ ಹಠ. ಎದುರು ಪಕ್ಷಕ್ಕೆ ಮೊಂಡುತನ. ಸರ್ಕಾರಕ್ಕೆ ಹಠಮಾರಿ ಧೋರಣೆ. ಬೀದಿಯಲ್ಲಿ ಕೂತು ಕೇಳುವವರಿಗೆ ಪಟ್ಟು. ಗರಡಿಮನೆಯ ಪದ ಅದು. ಎದುರಾಳಿಯನ್ನು ಸಿಕ್ಕಿಸಿ ಹಾಕುವುದು. ಆ ಪದ ಬಿದ್ದ ಕೂಡಲೇ, ಕೇಳುತ್ತಿರುವವರು ಯಾರನ್ನೋ ಇಕ್ಕಟ್ಟಿಗೆ ಸಿಕ್ಕಿಸುತ್ತಿದ್ದಾರೆ ಎಂಬ ಭಾವ ಓದುಗನಲ್ಲಿ ಮೂಡುತ್ತದೆ.

2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಧರಣಿ ಕೂತರು. ತಿಂಗಳಿಗೆ 15,000 ರೂಪಾಯಿ ಗೌರವಧನ ಅವರ ಬೇಡಿಕೆ. ಕನಿಷ್ಠ 10,000 ಕೊಡುವ ಭರವಸೆ ಮುಖ್ಯಮಂತ್ರಿಯವರಿಂದ ಬಂದ ಮೇಲೆ ಎದ್ದರು. ಕೋವಿಡ್ ಕಾಲದಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಜ್ವರ ಕೆಮ್ಮು ವಿಚಾರಿಸಿದವರು, ಬಸುರಿಯರನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವವರು ಇವರೇ. ಬೈದು ಬಾಗಿಲು ಹಾಕಿಕೊಂಡ ಮನೆಗೆ ಮರುದಿನ ಮತ್ತೆ ಹೋದಾಗ ಅವರಲ್ಲಿದ್ದ ಗುಣವನ್ನು ನಾವು ಸೇವಾ ಮನೋಭಾವ ಎಂದು ಕರೆದೆವು. ಅದೇ ಗುಣ ತಮ್ಮ ಕೂಲಿಗಾಗಿ ಪಾರ್ಕಿನಲ್ಲಿ ಬಂದು ಕೂತಾಗ ನಮಗೆ ಸಿಗುವ ಪದ ಪಟ್ಟು. ಮುಂದಿನ ಸಲ ಅವರು ಅಲ್ಲಿ ಟಾರ್ಪಾಲು ಹಾಸಿ ಕೂತಾಗ, ಪಂಪ ತನ್ನ ಸಾಲಿನ ಮೊದಲಿಗೆ ಇಟ್ಟ ಪದವನ್ನು ಅವರ ಹೆಸರಿನ ಪಕ್ಕ ಬರೆಯಿರಿ ಎಂದು ಸುದ್ದಿಮನೆಯ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ಬೇಡಿಕೆ ಈಡೇರಿತೋ ಇಲ್ಲವೋ ಎಂದು ನೋಡಿ ಅಲ್ಲ, ಕೂತ ಮೊದಲ ದಿನವೇ.