ಚಿಕಿತ್ಸಕನಿಲ್ಲದ ವಿಆರ್ ಮತ್ತು ಕೊಪ್ಪಳ: ಒಂದು ತೀರ್ಮಾನದ ಮರುಪರಿಶೀಲನೆ

ಭಯ ಹುಟ್ಟಿಸುವ ಸನ್ನಿವೇಶಕ್ಕೆ ರೋಗಿಯನ್ನು ಹಂತಹಂತವಾಗಿ ಒಡ್ಡಿದರೆ ಫೋಬಿಯಾ ತಗ್ಗುತ್ತದೆ ಎಂಬುದು ಇಂದು ನಿರ್ವಿವಾದ. ಜೋಸೆಫ್ ವೋಲ್ಪೆ 1958ರ ತಮ್ಮ ಗ್ರಂಥದಲ್ಲಿ ಇದಕ್ಕೆ ಕಲ್ಪನೆಯನ್ನು ನೆಚ್ಚಿದ್ದರು. 1995ರಲ್ಲಿ ಬಾರ್ಬರಾ ರಾಥ್‌ಬಾಮ್ ಮತ್ತು ಸಂಗಡಿಗರು ಎತ್ತರದ ಭಯಕ್ಕೆ ಕಂಪ್ಯೂಟರ್ ಕಟ್ಟಿದ ದೃಶ್ಯಗಳನ್ನು, ಅಂದರೆ ವಿಆರ್ (ವರ್ಚುವಲ್ ರಿಯಾಲಿಟಿ) ಅನ್ನು, ಬಳಸಿದರು. ಈಗಿನ ಪ್ರಶ್ನೆ ಚಿಕಿತ್ಸಕ ಬೇಕೇ ಎಂಬುದು.

ಡೇನಿಯಲ್ ಫ್ರೀಮನ್ ತಂಡ 2018ರಲ್ಲಿ 100 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ ವಿಆರ್‌ನೊಳಗಿನ ಕೃತಕ ತರಬೇತುದಾರನೇ ಮಾರ್ಗದರ್ಶಕ. ಎತ್ತರದ ಭಯ ಸರಾಸರಿ 68% ಇಳಿಯಿತು. ಮನೋತಜ್ಞರು ವಿರಳವಾದ ಜಿಲ್ಲೆಗಳಲ್ಲಿ ಹೆಡ್‌ಸೆಟ್ಟೇ ಅವರ ಜಾಗ ತುಂಬಬಲ್ಲದು ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ಇದನ್ನು ಒಪ್ಪುವುದು ಕಷ್ಟ. ಅಲ್ಲಿ ವಿಆರ್ ಪಡೆದ 49 ಮಂದಿಯನ್ನು ಹೋಲಿಸಿದ್ದು ಚಿಕಿತ್ಸಕರ ಬಳಿ ಹೋದವರೊಂದಿಗಲ್ಲ, ಎಂದಿನ ಆರೈಕೆಯಲ್ಲೇ ಉಳಿದ 51 ಮಂದಿಯೊಂದಿಗೆ. ಮೊಬೈಲ್ ಮತ್ತು ರಟ್ಟಿನ ಕನ್ನಡಕ ಬಳಸಿದ ಡಚ್ಚರ ‘ಝೀರೋಫೋಬಿಯಾ’ (2019, 193 ಮಂದಿ) ಹೋಲಿಸಿದ್ದೂ ಚಿಕಿತ್ಸೆಗೆ ಕಾಯುತ್ತಿದ್ದವರೊಂದಿಗೆ. ಎರಡೂ ಸಾಧಿಸಿದ್ದು ಚಿಕಿತ್ಸೆಯೇ ಇಲ್ಲದ್ದಕ್ಕಿಂತ ಯಂತ್ರ ಮೇಲು ಎಂಬುದನ್ನು. ಮನುಷ್ಯನಿಗೆ ಯಂತ್ರ ಸಮ ಎಂಬುದನ್ನಲ್ಲ. ದೋಷ ಪ್ರಯೋಗಗಳದ್ದಲ್ಲ, ಅವುಗಳಿಗೆ ಹೊರಿಸಿದ ತೀರ್ಮಾನದ್ದು.

ನಿಜ ಸನ್ನಿವೇಶಕ್ಕೆ ಒಡ್ಡುವುದರೊಂದಿಗೇ ಹೋಲಿಸಿದ ಅಧ್ಯಯನಗಳ 2019ರ ಒಂದು ವಿಶ್ಲೇಷಣೆಯಲ್ಲಿ, ನಿರ್ದಿಷ್ಟ ಫೋಬಿಯಾಗಳಿಗೆ ಎರಡೂ ಹೆಚ್ಚುಕಡಿಮೆ ಸಮ. ಸಾಮಾಜಿಕ ಭಯಕ್ಕೆ ನಿಜ ಸನ್ನಿವೇಶವೇ ಮುಂದು. ಹಾಗಾದರೆ ವಿಆರ್‌ನ ಲಾಭ ಪರಿಣಾಮಕ್ಕಿಂತ ಅನುಕೂಲದ್ದು. ವಿಮಾನದ ಭಯಕ್ಕೆ ಆ ಅನುಕೂಲ ದೊಡ್ಡದು. ಎತ್ತರದ ಭಯಕ್ಕೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ 575 ಮೆಟ್ಟಿಲುಗಳ ಅಂಜನಾದ್ರಿ ಬೆಟ್ಟವೇ ಇದೆ. ಇಂದು ಇಷ್ಟು, ಮುಂದಿನ ವಾರ ಇನ್ನಷ್ಟು ಎಂದು ಹತ್ತಿಸಬಹುದು. ಕೊರತೆ ಎತ್ತರದ್ದಲ್ಲ, ಜೊತೆಗೆ ಹತ್ತುವವರದ್ದು.

ಈ ಕೊರತೆ ನೀಗಿಸುವುದಕ್ಕೆ ಪಕ್ಕದ ಬಳ್ಳಾರಿಯಲ್ಲೇ ಪೂರ್ವನಿದರ್ಶನವಿದೆ. ನಿಮ್ಹಾನ್ಸ್ 1985ರಲ್ಲಿ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಡತೊಡಗಿತು; 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್ ಸಹಾಯವಾಣಿಯೂ (14416) ಇದೆ. ಆದ್ದರಿಂದ ಕೊಪ್ಪಳದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ತಂತ್ರಜ್ಞಾನದ ಮೊದಲ ಕೆಲಸ, ಬಹುಶಃ, ದೂರದ ತಜ್ಞರ ಮಾತನ್ನು ಆಶಾ ಕಾರ್ಯಕರ್ತೆಯ ಫೋನಿಗೆ ಮುಟ್ಟಿಸುವುದು. ಹೆಡ್‌ಸೆಟ್ ಅದರ ನಂತರದ್ದು.

‘ಬಹುಶಃ’ ಎಂದದ್ದಕ್ಕೆ ಕಾರಣಗಳಿವೆ. ಗಾರ್ಸಿಯಾ-ಪಲಾಸಿಯೋಸ್ ತಂಡದ 2007ರ ಅಧ್ಯಯನದಲ್ಲಿ ನಿಜ ಸನ್ನಿವೇಶವನ್ನು ನಿರಾಕರಿಸಿದವರು 27%, ವಿಆರ್ ನಿರಾಕರಿಸಿದವರು ಕೇವಲ 3%. ಬೆಟ್ಟದ ಬುಡಕ್ಕೇ ಬಾರದವರಿಗೆ ಹೆಡ್‌ಸೆಟ್ ಮೊದಲ ಮೆಟ್ಟಿಲಾದೀತು. ಹೃದ್ರೋಗ, ತಲೆಸುತ್ತು ಇರುವವರಿಗೆ ಮೆಟ್ಟಿಲು ಹತ್ತಿಸುವ ಮೊದಲು ವೈದ್ಯರ ಪರೀಕ್ಷೆ ಬೇಕು. ಈಗಾಗಲೇ ಕೆಲಸದ ಹೊರೆ ಹೊತ್ತ ಆಶಾ ಕಾರ್ಯಕರ್ತೆಯರಿಗೆ ಇದನ್ನು ಸಂಭಾವನೆಯಿಲ್ಲದೆ ಹೊರಿಸುವುದೂ ಸಲ್ಲದು.

ಹೆಡ್‌ಸೆಟ್ ಮಾತ್ರ, ಕಾರ್ಯಕರ್ತೆಯೊಂದಿಗೆ ಹೆಡ್‌ಸೆಟ್, ಕಾರ್ಯಕರ್ತೆಯೊಂದಿಗೆ ನಿಜ ಮೆಟ್ಟಿಲು: ಈ ಮೂರನ್ನು ಒಂದೇ ಜಿಲ್ಲೆಯಲ್ಲಿ ಹೋಲಿಸಿ ನೋಡುವವರೆಗೆ ಇಲ್ಲಿನ ವಾದ ಊಹೆಯ ಹಂತದ್ದೇ. ಆದರೆ ಪುರಾವೆಯ ಹೊಣೆ ಮನುಷ್ಯ ಬೇಡ ಎನ್ನುವವರ ಮೇಲೂ ಅಷ್ಟೇ ಇದೆ.